ಕಂಡಿ ಮುಚ್ಚಿದ ಚಳಿಗಾಲ

ಕಳೆದ ರವಿವಾರ ಬೆಳಿಗ್ಗೆ ಮೀನು ತರಲೆಂದು ಮಗಳ ಕೈ ಹಿಡಿದು ತೆಂಗಿನಗುಂಡಿಗೆ ಹೋಗಿದ್ದೆ. ದೋಣಿಗಳು ಇನ್ನೂ ದಡಕ್ಕೆ ಬಂದಿರಲಿಲ್ಲ. ಸುಮ್ಮನೆ ನಿಲ್ಲುವುದೇಕೆಂದು ಕೇರಿಯ ಒಳದಾರಿಯಲ್ಲಿ ಒಂದು ಸುತ್ತು ಹಾಕಲು ಹೊರಟೆ. ತಗಡಿನ ಬೇಲಿಯೊಂದರ ಆಚೆಯಿಂದ ಆ ವಾಸನೆ ಬಂತು. ಕರಟದ ಕೆಂಡದ ಮೇಲೆ ಬೆಳ್ಳುಳ್ಳಿ ಸಿಪ್ಪೆ ಹಾಕಿದಾಗ ಏಳುವ ವಾಸನೆ. ನಮ್ಮ ಕಡೆ ಅದಕ್ಕೆ ಅರ್ಥ ಒಂದೇ. ಈ ಮನೆಯಲ್ಲಿ ಬಾಣಂತಿ ಇದ್ದಾಳೆ, ಈಗಷ್ಟೇ ಕೂಸನ್ನು ಮೀಯಿಸಿ ಹೊಗೆ ಕೊಟ್ಟಿದ್ದಾರೆ.

ನಾನು ನಿಂತುಬಿಟ್ಟೆ. ಮಗಳು ಕೈ ಜಗ್ಗಿದಳು. ನನ್ನ ಕಣ್ಣು ಆ ಗುರುತಿಲ್ಲದ ಮನೆಯ ಮಾಡಿನ ಕೆಳಗೆ, ಗೋಡೆ ಮುಗಿದು ಹಂಚು ಶುರುವಾಗುವ ಜಾಗದಲ್ಲಿ ಹುಡುಕುತ್ತಿತ್ತು. ಅಲ್ಲಿ ಗಾಳಿಯಾಡುವ ಕಂಡಿ ಇದೆಯೇ, ಇದ್ದರೆ ತೆರೆದಿದೆಯೇ ಎಂದು.

ಇತ್ತು. ತೆರೆದಿರಲಿಲ್ಲ. ನೀಲಿ ಪ್ಲಾಸ್ಟಿಕ್ ತುರುಕಿ ಮುಚ್ಚಿದ್ದರು.

ಮೂರು ವರ್ಷದ ಹಿಂದಿನ ಚಳಿಗಾಲವನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ಹಿಂದೆ ತಿರುಗಿಸಿ ನೋಡಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಒಂದು ಹಂತದಲ್ಲಿ ನಿಲ್ಲಿಸಿ, ಇಲ್ಲಿ ನಾನು ಬೇರೆ ಥರ ಯೋಚಿಸಬಹುದಿತ್ತು ಅನಿಸುತ್ತದೆ. ಆದರೆ ಆಗ ನಾನು ಯೋಚಿಸಿದ್ದೇ ಸರಿ ಎಂದು ನನಗೆ ಖಾತ್ರಿಯಿತ್ತು. ಅದೇ ಇಂದಿಗೂ ಹೆದರಿಸುವ ಸಂಗತಿ.

ಆಗ ನಾವಿದ್ದದ್ದು ತದಡಿಯಲ್ಲಿ. ನನ್ನ ಗಂಡ ಗಣಪತಿ ಬಂದರಿನಲ್ಲಿ ಬೋಟುಗಳ ಇಂಜಿನ್ ರಿಪೇರಿ ಮಾಡುತ್ತಿದ್ದರು. ನಾನು ಬಿ.ಎಸ್ಸಿ. ಮುಗಿಸಿ ಹತ್ತಿರದ ಹೈಸ್ಕೂಲಿನಲ್ಲಿ ವಿಜ್ಞಾನಕ್ಕೆ ಅತಿಥಿ ಶಿಕ್ಷಕಿಯಾಗಿದ್ದೆ. ಮನೆ ಎಂದರೆ ಹತ್ತಡಿ ಅಗಲ, ಹದಿಮೂರು ಅಡಿ ಉದ್ದದ ಒಂದೇ ಕೋಣೆ. ನಮ್ಮ ಮನೆಯ ಮಾಲೀಕ ನಾಗೇಶಣ್ಣ ಟೆಂಪೋ ಇಟ್ಟುಕೊಂಡವ. ಅವನ ತಂದೆಯ ಕಾಲದಲ್ಲಿ ಆ ಕೋಣೆಯಲ್ಲಿ ಬಲೆ, ಹಗ್ಗ ಇಡುತ್ತಿದ್ದರಂತೆ. ನಾಗೇಶಣ್ಣ ನೆಲಕ್ಕೆ ಟೈಲ್ಸ್ ಹಾಕಿಸಿ, ಹಂಚಿನ ಕೆಳಗೆ ಪ್ಲೈವುಡ್ ಸೀಲಿಂಗ್ ಹೊಡೆಸಿ, ಜಾರಿಸುವ ಗಾಜಿನ ಕಿಟಕಿಯೊಂದನ್ನು ಕೂರಿಸಿ ಬಾಡಿಗೆಗೆ ಕೊಟ್ಟಿದ್ದ. ಮಳೆ ಬಂದ ದಿನ ಮೀನಿನ ಬಲೆಯ ಹಳೇ ವಾಸನೆ ಗೋಡೆಯಿಂದ ಇನ್ನೂ ಸಣ್ಣಗೆ ಬರುತ್ತಿತ್ತು.

ಮೊದಲು ಇದರಲ್ಲಿ ಇಬ್ಬರು ಹೇಗೆ ಇರುವುದು ಎಂದುಕೊಂಡಿದ್ದೆವು. ಒಂದು ತಿಂಗಳಲ್ಲಿ ದೊಡ್ಡ ಮನೆಯವರನ್ನು ಕಂಡು ಪಾಪ ಅನ್ನುವಷ್ಟು ಒಗ್ಗಿಹೋದೆವು. ಗಣಪತಿ ಒಡೆದ ದೋಣಿಯ ಹಲಗೆ ತಂದು ಗೋಡೆಗೆ ಕಪಾಟು ಮಾಡಿದರು. ಮಂಚದ ಮೇಲೆ ಕೂತು ಎಡಗೈ ಚಾಚಿದರೆ ಗ್ಯಾಸ್ ಒಲೆ, ಬಲಗೈ ಚಾಚಿದರೆ ಬಾಗಿಲ ಚಿಲಕ, ಕಾಲು ಚಾಚಿದರೆ ಬಟ್ಟೆಯ ಟ್ರಂಕು. ಬಸುರಿಗೆ ಇದಕ್ಕಿಂತ ಅನುಕೂಲ ಏನು ಬೇಕು. ಗುಡಿಸಲು ಐದು ನಿಮಿಷ, ಒರೆಸಲು ಹತ್ತು ನಿಮಿಷ. ನೀನು ಮನೆ ಮಾಡ್ತಿದ್ಯೋ ಮೈಮೇಲೆ ಹಾಕ್ಕಂಡಿದ್ಯೋ ಎಂದು ಗಣಪತಿ ಚೇಷ್ಟೆ ಮಾಡುತ್ತಿದ್ದರು.

ಒಂದೇ ಕೊರತೆ ಎಂದರೆ ಆ ಕಂಡಿ. ಹಿಂದಿನ ಗೋಡೆಯ ಮೇಲ್ತುದಿಯಲ್ಲಿ, ಸೀಲಿಂಗಿಗೆ ಒಂದು ಗೇಣು ಕೆಳಗೆ, ಎರಡು ಮೊಳ ಉದ್ದಕ್ಕೆ ಇಟ್ಟಿಗೆ ಬಿಟ್ಟು ಖಾಲಿ ಇಟ್ಟಿದ್ದರು. ನಾಗೇಶಣ್ಣನ ತಾಯಿ ಮಾದೇವಮ್ಮ ಹಟ ಮಾಡಿ ಅದನ್ನು ಉಳಿಸಿದ್ದು ಎಂದು ಆಮೇಲೆ ಗೊತ್ತಾಯಿತು. ಕಾರ್ತಿಕ ಕಳೆಯುವ ಹೊತ್ತಿಗೆ ಮೂಡಣ ಗಾಳಿ ಶುರುವಾಯಿತು. ನಮ್ಮ ಕರಾವಳಿಯ ಚಳಿ ಹೇಳಿಕೊಳ್ಳುವಂಥದ್ದಲ್ಲ, ಒಪ್ಪುತ್ತೇನೆ. ಆದರೆ ಬೆಳಗಿನ ಜಾವ ಘಟ್ಟದಿಂದ ಇಳಿದು ಅಘನಾಶಿನಿಯ ನೀರಿನ ಮೇಲೆ ಹಾದು ಬರುವ ಗಾಳಿ ಸೀದಾ ಆ ಕಂಡಿಯಿಂದ ಒಳಗೆ ಇಳಿಯುತ್ತಿತ್ತು. ಹೊರಗೆ ಹಂಚಿನ ಅಂಚಿನಿಂದ ಇಬ್ಬನಿ ಮಳೆಯ ಹಾಗೆ ತೊಟ್ಟಿಕ್ಕುತ್ತಿತ್ತು. ಆ ವಾರವೇ ಮಗಳು ಹುಟ್ಟಿದಳು.

ಬಾಣಂತನಕ್ಕೆ ತವರಿಗೆ ಹೋಗಬೇಕಿತ್ತು. ಹೊನ್ನಾವರದ ಹತ್ತಿರ ಇರುವ ನನ್ನ ಅಮ್ಮ ಬಚ್ಚಲಲ್ಲಿ ಜಾರಿ ಕೈ ಮುರಿದುಕೊಂಡಿದ್ದಳು. ಅವಳನ್ನೇ ಯಾರಾದರೂ ನೋಡಬೇಕಾದ ಸ್ಥಿತಿ. ಆಗ ಮಾದೇವಮ್ಮ ತಾನಾಗಿ ಬಂದು, ನಾನೇ ಮಾಡ್ತೆ, ನಲವತ್ತು ದಿನ ಅಲ್ವಾ, ಎಂದರು. ಎಪ್ಪತ್ತರ ಹತ್ತಿರದ ಗಟ್ಟಿ ಹೆಂಗಸು. ಕೇರಿಯಲ್ಲಿ ಎಷ್ಟೋ ಬಾಣಂತಿಯರನ್ನು ಮೀಯಿಸಿದ ಕೈ.

ನಾನು ಒಪ್ಪಿಕೊಂಡೆ. ಆದರೆ ಒಳಗೊಂದು ಮುಳ್ಳು ಆಗಲೇ ಚುಚ್ಚಿತ್ತು. ದೀಪಾವಳಿಯ ಹೊತ್ತಿಗೆ ನಾಗೇಶಣ್ಣ ಬಾಗಿಲಲ್ಲಿ ನಿಂತು, ಗೋಕರ್ಣಕ್ಕೆ ಬರುವ ಪ್ರವಾಸಿಗಳು ಈಗ ಇಂಥ ಸಣ್ಣ ಮನೆಗಳನ್ನೇ ಕೇಳುತ್ತಾರೆ, ಚಳಿಗಾಲದ ಮೂರು ತಿಂಗಳು ಬಿಡುವೇ ಇರುವುದಿಲ್ಲ ಎಂದಿದ್ದ. ನಮಗೆ ಹೇಳಿದನೋ ತನಗೇ ಹೇಳಿಕೊಂಡನೋ ತಿಳಿಯಲಿಲ್ಲ. ವಾರ ಬಿಟ್ಟು ಟೇಪು ಹಿಡಿದುಕೊಂಡು ಬಂದು ಹೊರಗಿನಿಂದ ಗೋಡೆ ಅಳೆದ. ಎಂತಕ್ಕೆ ನಾಗೇಶಣ್ಣ ಎಂದು ಕೇಳಿದರೆ, ಸುಮ್ನೆ ಟೀಚರೇ ಎಂದು ನಕ್ಕ. ಸುಮ್ಮನೆ ಯಾರೂ ಗೋಡೆ ಅಳೆಯುವುದಿಲ್ಲ ಎಂದು ನಾನು ಗಣಪತಿಗೆ ಹೇಳಿದೆ. ಬಸುರಿಗೆ, ಬಾಣಂತಿಗೆ ಮನೆ ಬಿಡಿ ಎಂದು ಬಾಯಿಬಿಟ್ಟು ಹೇಳಲಾರರು. ನಾವೇ ಬೇಸತ್ತು ಹೋಗಲಿ ಎಂದು ಕಾಯುತ್ತಿದ್ದಾರೆ. ಹೀಗೆ ಒಂದು ಸಲ ಅಂದುಕೊಂಡ ಮೇಲೆ ಎಲ್ಲದಕ್ಕೂ ಅದೇ ಬಣ್ಣ ಬಂತು.

ದಿನವೂ ಬೆಳಿಗ್ಗೆ ಎಂಟೂವರೆಗೆ ಮಾದೇವಮ್ಮ ಬರುತ್ತಿದ್ದರು. ನನಗೆ ಎಣ್ಣೆ ಹಚ್ಚಿ, ಸುಡುಸುಡು ನೀರು ಹೊಯ್ದು, ಕೂಸನ್ನು ಕಾಲ ಮೇಲೆ ಹಾಕಿಕೊಂಡು ಮೀಯಿಸಿ, ನಮ್ಮಿಬ್ಬರನ್ನೂ ಮಂಚದ ಮೇಲೆ ಮಲಗಿಸಿ ಹೊದಿಸುತ್ತಿದ್ದರು. ಮಂಚದ ಕೆಳಗೆ ಒಂದು ಮಣ್ಣಿನ ಮಡಕೆಯಲ್ಲಿ ಕರಟದ ಕೆಂಡ. ಬಾಗಿಲು ಎಳೆದುಕೊಂಡು ಬೆವರಿ ಮಲಗಬೇಕು. ಮೈಯ ನೀರೆಲ್ಲ ಹೋಗಬೇಕು. ನನ್ನ ಅಮ್ಮನೂ ಹೀಗೇ ಮಲಗಿದವಳು, ಅವಳ ಅಮ್ಮನೂ. ಅದರಲ್ಲಿ ನನಗೆ ಅನುಮಾನವಿರಲಿಲ್ಲ. ನೋಡಿ, ಅನುಮಾನ ಪಡಬೇಕಾದ ಒಂದೇ ಒಂದು ವಸ್ತುವಿನ ಮೇಲೆ ನನಗೆ ಅನುಮಾನವಿರಲಿಲ್ಲ.

ಗಾಳಿ ಹೆಚ್ಚಾದಾಗ ಗಣಪತಿ ಬಂದರಿನಿಂದ ಮೀನು ತುಂಬುವ ಥರ್ಮಾಕೋಲ್ ಪೆಟ್ಟಿಗೆ ತಂದು, ಮುಚ್ಚಳವನ್ನು ಅಳತೆಗೆ ಕೊಯ್ದು ಕಂಡಿಗೆ ಕೂರಿಸಿದರು. ಕಿಟಕಿಯ ಸಂದಿಗೂ ಪಟ್ಟಿ ಬಡಿದರು. ಬಾಗಿಲ ಕೆಳಗೆ ಹಳೇ ಗೋಣಿ. ಮೂರು ದಿನ ಐಸ್ ಕರಗದಂಥ ಪೆಟ್ಟಿಗೆ ಇದು, ಇನ್ನು ಚಳಿ ಎಲ್ಲಿಂದ ಬರ್ತದೆ ನೋಡುವಾ, ಎಂದರು. ನಿಜವಾಗಿ ಬರಲಿಲ್ಲ. ಆ ಕೋಣೆ ಹಕ್ಕಿಗೂಡಿನ ಹಾಗೆ ಬೆಚ್ಚಗಾಯಿತು. ಕೂಸು ಹಾಲು ಕುಡಿದು ನಿದ್ದೆ ಹೋಗುತ್ತಿತ್ತು. ಹೊರಗೆ ಅಳಿವೆಯ ಕಡೆಯಿಂದ ಚಿಪ್ಪಿ ಹೆಕ್ಕುವ ಹೆಂಗಸರ ಮಾತು ನೀರಿನ ಮೇಲೆ ತೇಲಿ ಬರುತ್ತಿದ್ದದ್ದು ಈಗ ಅರ್ಧಕ್ಕೇ ನಿಂತುಹೋಯಿತು. ಹೊರಗಿನ ಸದ್ದೂ ಬಾರದಂಥ ಮನೆ ಎಂದು ನಾನು ಹಿಗ್ಗಿದೆ.

ಮಾರನೆಯ ದಿನ ಮಾದೇವಮ್ಮ ಮೇಲೆ ನೋಡಿ, ಇದೆಂತ ಮಾಡಿಟ್ರಿ ಎಂದರು. ಚಳಿಗೆ ಎಂದೆ.

“ಕೆಂಡ ಇಟ್ಟ ಮನಿಗೆ ಕಂಡಿ ಮುಚ್ಚೂಕಾಗ ಮಗಾ. ಬರಿಯೂ ತಾಯಿ ಬಂದು ಹೋಗೂ ದಾರಿ ಅದು.”

ಹುಟ್ಟಿದ ಕೂಸಿನ ಹಣೆಯ ಮೇಲೆ ಆರನೆಯ ದಿನ ಬರೆದು ಹೋಗುವ ತಾಯಿಯ ಮಾತು ಅದು. ಅವಳಿಗಾಗಿ ಆ ದಿನ ಪೆನ್ನು, ಹಾಳೆ ಇಟ್ಟಿದ್ದೆವು. ನಾನು ನಗುತ್ತ, ಅವಳು ಬರೆದು ಹೋಗಿ ಹದಿನೈದು ದಿನ ಆತಲ್ಲ ಅಮ್ಮ, ಇನ್ನೆಂತಕ್ಕೆ ದಾರಿ ಎಂದೆ.

“ತಿದ್ದೂಕೆ ಬರ್ತಾಳೆ. ನೀ ಟೀಚರು, ನೀ ಬರೆದದ್ದು ತಿದ್ದೂದಿಲ್ವಾ?”

ಹೇಳಿದವರೇ ಟ್ರಂಕಿನ ಮೇಲೆ ಹತ್ತಿ ಥರ್ಮಾಕೋಲನ್ನು ಎಳೆದು ಕೆಳಗೆ ಹಾಕಿದರು. ಅವರು ಹೋದ ಮೇಲೆ ನಾನು ಅದೇ ಟ್ರಂಕಿನ ಮೇಲೆ ಹತ್ತಿ ಮತ್ತೆ ಕೂರಿಸಿದೆ. ಹೀಗೆ ಒಂದು ಆಟ ಶುರುವಾಯಿತು. ಅವರು ತೆಗೆಯುವುದು, ನಾನು ಮುಚ್ಚುವುದು. ಅವರು ಅಳಿವೆ ಕಡೆ ಹೋದದ್ದನ್ನು ನೋಡಿಕೊಂಡೇ ಮುಚ್ಚುತ್ತಿದ್ದೆ.

ತಲೆನೋವು ಶುರುವಾದದ್ದು ಆ ವಾರ. ಮಿಂದು ಮಲಗಿ ಏಳುವಾಗ ಹಣೆಗೆ ಹಗ್ಗ ಬಿಗಿದ ಹಾಗೆ. ಹೊಟ್ಟೆ ತೊಳಸುತ್ತಿತ್ತು. ಕೂಸು ಎಂದಿಗಿಂತ ಹೆಚ್ಚು ಮಲಗುತ್ತಿತ್ತು. ಬಾಣಂತಿಯ ನಿತ್ರಾಣ ಎಂದರು ಗಣಪತಿ. ಇಂಜೆಕ್ಷನ್ ಹಾಕಿಸಲು ಕೂಸನ್ನು ಕುಮಟೆಗೆ ಕರೆದುಕೊಂಡು ಹೋದ ದಿನ ಮಾತ್ರ ತಲೆನೋವಿರಲಿಲ್ಲ. ಮಾದೇವಮ್ಮನ ಕೈಯಿಂದ ಏನೂ ತಿನ್ನದ, ಕುಡಿಯದ ದಿನ ಅದು. ಬಸ್ಸಿನಲ್ಲಿ ಕೂತೇ ನಾನು ಇದನ್ನು ಗಂಟು ಹಾಕಿದೆ.

ಅವರು ದಿನಾ ಕೊಡುವ ಕಷಾಯ ಬೇರೆ ಕಹಿ. ಅದರಲ್ಲಿ ಎಂತೆಂತ ಹಾಕುತ್ತಾರೆಂದು ಕೇಳಿದರೆ, ನಿಂಗೆ ಗೊತ್ತಾಗೂ ಬೇರಲ್ಲ ಅದು, ಎನ್ನುತ್ತಿದ್ದರು. ಮಂಚದ ಕೆಳಗೆ ಕೆಂಡದ ಪಕ್ಕ ಮಲಗುವ ಒಂದು ಬೀದಿ ಬೆಕ್ಕಿತ್ತು. ಒಂದು ದಿನ ಅದು ಎದ್ದು ಹೊರಗೆ ಹೋಗುವಾಗ ಕಾಲು ಸೊಟ್ಟ ಹಾಕಿ, ಮೆಟ್ಟಿಲಲ್ಲಿ ವಾಂತಿ ಮಾಡಿತು. ಕಷಾಯದ ಬಟ್ಟಲು ನೆಲದ ಮೇಲೇ ಇತ್ತು. ಬೆಕ್ಕು ಅದನ್ನು ನೆಕ್ಕಿರಬೇಕು ಎಂದು ನಾನು ತೀರ್ಮಾನಿಸಿದೆ. ಬೆಕ್ಕು ಎಂದಾದರೂ ಕಹಿ ಕಷಾಯ ನೆಕ್ಕುತ್ತದೆಯೇ ಎಂದು ಕೇಳಿಕೊಳ್ಳಲಿಲ್ಲ. ಅಂದಿನಿಂದ ಕಷಾಯವನ್ನು ಅವರ ಕಣ್ಣು ತಪ್ಪಿಸಿ ಬಾಗಿಲ ಪಕ್ಕದ ದಾಸವಾಳದ ಬುಡಕ್ಕೆ ಹೊಯ್ಯತೊಡಗಿದೆ.

ಕಷಾಯ ಬಿಟ್ಟರೂ ತಲೆನೋವು ಹೋಗಲಿಲ್ಲ. ಅಲ್ಲಿಗೆ ನನ್ನ ಅನುಮಾನ ಕಡಿಮೆಯಾಗಬೇಕಿತ್ತು. ಅದು ಎಣ್ಣೆಯ ಕಡೆಗೆ ತಿರುಗಿತು. ಎಣ್ಣೆಯಿಂದ ಬಾವಿಯ ನೀರಿಗೆ ಹೋಯಿತು. ಗಣಪತಿಗೆ ಬಂದರಿನಿಂದ ಕ್ಯಾನಿನ ನೀರು ತರಲು ಹೇಳಿದೆ. ಎಂತಕ್ಕೆ ಎಂದರು. ಹೇಳಿದೆ. ಕೇಳಿ ಅವರು, ನೀನು ಬಾಣಂತಿ ಅಲ್ದೆ ಹೋಗಿದ್ರೆ ಬೈತಿದ್ದೆ, ಎಂದರು. ಆದರೂ ನೀರು ತಂದರು. ಅವರೊಳಗೂ ನನ್ನ ಅನುಮಾನದ ಒಂದು ಹನಿ ಬಿದ್ದಿತ್ತು ಎಂದೇ ತಾನೇ ಅದರ ಅರ್ಥ.

ಒಂದು ಬೆಳಿಗ್ಗೆ ಮಿಂದು ಮಲಗಿದ್ದೆ. ತಲೆಯ ಮೇಲೆ ಏನೋ ಕೆರೆಯುವ ಸದ್ದು. ಇಲಿಯೋ ಎಂದು ಕಣ್ಣು ಬಿಟ್ಟರೆ, ಕಂಡಿಯ ಥರ್ಮಾಕೋಲ್ ಅಲ್ಲಾಡುತ್ತಿದೆ. ಮೆಲ್ಲಗೆ ಒಳಕ್ಕೆ ಬಂತು, ಬಾಗಿತು, ಟ್ರಂಕಿನ ಮೇಲೆ ಬಿತ್ತು. ತೆರೆದ ಜಾಗದಲ್ಲಿ ಬಿದಿರಿನ ತುದಿಯೊಂದು ಇಣುಕಿ ಹಿಂದೆ ಸರಿಯಿತು. ಎದ್ದು ಬಾಗಿಲು ತೆಗೆದು ಸುತ್ತಿ ಬಂದು ನೋಡಿದರೆ ಮಾದೇವಮ್ಮ. ಕೈಯಲ್ಲಿ ಮಾವಿನಕಾಯಿ ಕೊಯ್ಯುವ ದೋಟಿ. ನನ್ನನ್ನು ಕಂಡು ದೋಟಿಯನ್ನು ಬೆನ್ನ ಹಿಂದೆ ಇಟ್ಟುಕೊಂಡರು. ಅಷ್ಟುದ್ದದ ಬಿದಿರು ಬೆನ್ನ ಹಿಂದೆ ಅಡಗುತ್ತದೆಯೇ. ಈಗ ನೆನೆದರೆ ನಗು ಬರುತ್ತದೆ. ಅಂದು ನನ್ನ ಮೈ ಉರಿಯಿತು. ಕದ್ದು ಮಾಡುವ ಕೆಲಸ ಒಳ್ಳೆಯದಿರಲು ಸಾಧ್ಯವೇ ಇಲ್ಲ ಎನಿಸಿತು. ಕೂಸಿಗೆ ಶೀತವಾಗಲಿ, ಇವರು ಜಾಗ ಬಿಡಲಿ ಎಂದೇ ಇದು. ಲೆಕ್ಕ ಕೂಡಿತು.

ಆ ಸಂಜೆಯೇ ಬಾಗಿಲಿಗೆ ಒಳಗಿನಿಂದ ಇನ್ನೊಂದು ಗಟ್ಟಿ ಚಿಲಕ ಹಾಕಿಸಿಕೊಂಡೆ.

ಮರುದಿನ ಅವರು ಎಣ್ಣೆಯ ಗಿಂಡಿ ಹಿಡಿದು ಬಂದಾಗ ನಾನು ಬಾಗಿಲಲ್ಲೇ ನಿಂತಿದ್ದೆ. ಇನ್ನು ಬರುವುದು ಬೇಡ, ನಾವೇ ನೋಡಿಕೊಳ್ಳುತ್ತೇವೆ ಎಂದೆ.

“ಇನ್ನೂ ಒಂಬತ್ತು ದಿನ ಅದೆಯಲ್ಲ ಮಗಾ.”

“ಮನೆ ಖಾಲಿ ಮಾಡ್ಸೂಕೆ ಇಷ್ಟೆಲ್ಲ ಎಂತಕ್ಕೆ ಅಮ್ಮ? ಬಿಡಿ ಅಂದ್ರೆ ಬಿಡ್ತಿದ್ದೆವು. ಕೂಸಿನ ತಂಟೆಗೆ ಬರಬೇಡಿ.”

ಅವರ ಮುಖ ನನಗೆ ಇಂದಿಗೂ ಸರಿಯಾಗಿ ನೆನಪಿಗೆ ಬರುವುದಿಲ್ಲ. ನಾನು ನೋಡಲಿಲ್ಲವೋ ಏನೋ. ಗಿಂಡಿಯನ್ನು ಎಡಗೈಯಿಂದ ಬಲಗೈಗೆ ಬದಲಿಸಿಕೊಂಡದ್ದು ನೆನಪಿದೆ.

“ಆತು,” ಎಂದರು. ನಾಲ್ಕು ಹೆಜ್ಜೆ ಹೋಗಿ ತಿರುಗಿದರು. “ನನ್ನ ಬೈ. ಕಂಡಿ ತೆಗ್ದಿಡು.”

ಮರುದಿನ ಗಣಪತಿಯೇ ನೀರು ಕಾಯಿಸಿ, ಕರಟ ಸುಟ್ಟು ಮಡಕೆ ತುಂಬ ಕೆಂಡ ಮಾಡಿಕೊಟ್ಟರು. ಹೊಗೆ ಪೂರ್ತಿ ಹೋಗಿ ಕೆಂಡ ಕೆಂಪಗೆ ಹೊಳೆಯುವವರೆಗೆ ಹೊರಗೇ ಇಟ್ಟಿದ್ದರು. ಹೊಗೆ ಇಲ್ಲದ್ದು ಒಳ್ಳೆಯದು ಎಂದು ಇಬ್ಬರೂ ತಿಳಿದಿದ್ದೆವು. ಕಂಡಿಗೆ ಎರಡು ಪದರ ಥರ್ಮಾಕೋಲ್ ಇಟ್ಟು, ಹೊರಗಿನಿಂದ ಯಾರೂ ದೂಡಲಾಗದಂತೆ ಸುತ್ತ ಟೇಪು ಅಂಟಿಸಿ, ಒಂಬತ್ತಕ್ಕೆ ಬಂದರಿಗೆ ಹೋದರು. ನಾನು ಮಿಂದು, ಕೂಸನ್ನು ಬೆಚ್ಚಗೆ ಸುತ್ತಿ, ಎರಡೂ ಚಿಲಕ ಹಾಕಿ ಮಲಗಿದೆ.

ಅಷ್ಟು ಸುಖವಾದ ನಿದ್ದೆ ನನ್ನ ಆಯುಷ್ಯದಲ್ಲೇ ಬಂದಿಲ್ಲ. ಇದನ್ನು ಹೇಳಲು ನನಗೆ ಭಯವಾಗುತ್ತದೆ. ಸಾಯುವುದು ನೋವಿನದ್ದಾಗಿದ್ದರೆ ನಾನು ಎದ್ದಿರುತ್ತಿದ್ದೆ. ಮೈಯೆಲ್ಲ ಹತ್ತಿಯಾದ ಹಾಗೆ, ಮನೆಯೇ ಒಂದು ಕೈಯಾಗಿ ನನ್ನನ್ನು ಹಿಡಿದುಕೊಂಡ ಹಾಗೆ. ನಡುವೆ ಎಲ್ಲೋ ಒಮ್ಮೆ ಎಚ್ಚರವಾಯಿತು. ತಲೆಯೊಳಗೆ ದೊಡ್ಡ ಇಂಜಿನ್ ಓಡುತ್ತಿತ್ತು. ಕೂಸು ಅಳುತ್ತಿಲ್ಲ ಎಂದು ಹೊಳೆಯಿತು. ಹಾಲಿನ ಹೊತ್ತು ಮೀರಿದೆ, ಎದೆ ಕಟ್ಟಿದೆ, ಆದರೂ ಅಳುತ್ತಿಲ್ಲ. ಪಕ್ಕಕ್ಕೆ ನೋಡಿದೆ. ತುಟಿಯ ಬಣ್ಣ ಸರಿಯಿರಲಿಲ್ಲ.

ಆ ಕ್ಷಣ ನನಗೆ ಗೊತ್ತಾಯಿತು. ಒಂಬತ್ತನೇ ತರಗತಿಯ ಮಕ್ಕಳಿಗೆ ಬೋರ್ಡಿನ ಮೇಲೆ ನಾನೇ ಬರೆದಿದ್ದೆ. ಕಾರ್ಬನ್ ಮಾನಾಕ್ಸೈಡ್, ಬಣ್ಣವಿಲ್ಲ, ವಾಸನೆಯಿಲ್ಲ, ಗಾಳಿ ಸಾಲದ ಜಾಗದಲ್ಲಿ ಇದ್ದಿಲು ಉರಿದಾಗ ಹುಟ್ಟುತ್ತದೆ. ಎರಡು ಅಂಕದ ಪ್ರಶ್ನೆ. ಎಲ್ಲ ಗೊತ್ತಾಯಿತು, ಬೆಕ್ಕು, ತಲೆನೋವು, ಕುಮಟೆಯ ಬಸ್ಸು. ಗೊತ್ತಾಗಿ ಉಪಯೋಗವಿರಲಿಲ್ಲ. ಚಿಲಕ ಬಲಗೈಗೆ ಸಿಗುವಷ್ಟೇ ದೂರದಲ್ಲಿತ್ತು. ಕೈ ಏಳಲಿಲ್ಲ. ನಾನು ಅದನ್ನು ನೋಡುತ್ತ ಇದ್ದೆ. ನಮ್ಮ ಮನೆಯಲ್ಲಿ ಎಲ್ಲವೂ ಕೈಗೆ ಸಿಗುತ್ತದೆ ಎಂದು ಎಷ್ಟು ಜನರಿಗೆ ಹೇಳಿದ್ದೆ. ಮಂಚದಿಂದ ಉರುಳಲು ನೋಡಿದೆ. ಉರುಳಿದೆನೋ ಇಲ್ಲವೋ ಗೊತ್ತಿಲ್ಲ.

ಮುಂದಿನದ್ದನ್ನು ಬೇರೆಯವರು ಹೇಳಿದ್ದು. ಮಾದೇವಮ್ಮ ಆ ಬೆಳಿಗ್ಗೆ ಪಕ್ಕದ ತಮ್ಮ ಮನೆಯ ಅಂಗಳದಲ್ಲಿ ಚಿಪ್ಪಿ ಒಡೆಯುತ್ತ ಕೂತಿದ್ದರಂತೆ. ಬರಬೇಡ ಎಂದ ಮನೆಯ ಕಡೆ ಮುಖ ಮಾಡಿಯೇ ಕೂತಿದ್ದರು. ದಿನಾ ಹತ್ತೂವರೆಗೆ ಕೂಸು ಹಾಲಿಗೆ ಅಳುವುದು ಅವರಿಗೆ ಗೊತ್ತು. ಅಳಲಿಲ್ಲ. ಇನ್ನೂ ಸ್ವಲ್ಪ ನೋಡಿದರು. ಆಮೇಲೆ ದೋಟಿ ತೆಗೆದುಕೊಂಡು ಹಿಂದಿನ ಗೋಡೆಗೆ ಹೋಗಿ ಕಂಡಿಗೆ ತಿವಿದರು. ಟೇಪು ಬಿಡಲಿಲ್ಲ. ಒಳಗಿನಿಂದ ಯಾರೂ ಬೈಯಲೂ ಇಲ್ಲ. ಬೈಗುಳ ಬಾರದ್ದೇ ಅವರಿಗೆ ಖಾತ್ರಿ ಮಾಡಿತಂತೆ. ನಾಗೇಶಣ್ಣ ಟೆಂಪೋ ತೊಳೆಯುತ್ತಿದ್ದ. ಕೂಗಿ ಕರೆದರು. ಅವನು ತಾನೇ ಕೂರಿಸಿದ ಕಿಟಕಿಯ ಗಾಜನ್ನು ಜಾಕಿಯ ರಾಡಿನಿಂದ ಒಡೆದು ಒಳಗೆ ಇಳಿದ. ಮೊದಲು ಕೂಸನ್ನು ತಾಯಿಯ ಕೈಗೆ ಕೊಟ್ಟು, ನನ್ನನ್ನು ಅಂಗಳಕ್ಕೆ ಎಳೆದು ಹಾಕಿದ. ಅದೇ ಟೆಂಪೋದಲ್ಲಿ ಕುಮಟೆಗೆ.

ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕೇಳಿದ್ದು, ಕೋಣೆಯಲ್ಲಿ ಕೆಂಡ ಇಟ್ಟಿದ್ರಾ ಎಂದು. ನಾಗೇಶಣ್ಣ ಹೌದೆಂದನಂತೆ. ಆಕ್ಸಿಜನ್ ಹಾಕಿದರು. ನನಗೆ ಸಂಜೆಯ ಹೊತ್ತಿಗೆ ಮಾತು ಬಂತು. ಕೂಸಿಗೆ ಎರಡು ದಿನ ಏನೂ ಹೇಳುವ ಹಾಗಿಲ್ಲ ಎಂದರು. ಆ ಎರಡು ದಿನ ನಾನು ಗಾಜಿನ ಈಚೆ ನಿಂತು ಅವಳ ಎದೆ ಏಳುವುದನ್ನು ನೋಡಿದೆ, ಇಳಿಯುವುದನ್ನು ನೋಡಿದೆ, ಮತ್ತೆ ಏಳುತ್ತದೋ ಇಲ್ಲವೋ ಎಂದು ಪ್ರತಿಸಲ ಅನುಮಾನಪಟ್ಟೆ. ಮೂರನೆಯ ಬೆಳಿಗ್ಗೆ ಅವಳು ಅತ್ತಳು. ಗಣಪತಿ ವರಾಂಡದ ಕಂಬಕ್ಕೆ ಹಣೆ ಒತ್ತಿ ನಿಂತಿದ್ದರು. ಟೇಪು ಅಂಟಿಸಿದ್ದು ನಾನು ಎಂದಷ್ಟೇ ಹೇಳಿದರು. ಅದು ಅವರು ಹೊತ್ತುಕೊಳ್ಳಬೇಕಾದ್ದಲ್ಲ ಎಂದು ನನಗೆ ಗೊತ್ತಿತ್ತು.

ವಾರ ಕಳೆದು ಮನೆಗೆ ಬಂದಾಗ ಕಿಟಕಿಗೆ ಗಾಜಿರಲಿಲ್ಲ, ಸೊಳ್ಳೆ ಜಾಲರಿ ಬಡಿದಿದ್ದರು. ಕಂಡಿ ಬಟಾಬಯಲು. ಮಾದೇವಮ್ಮ ಅಂಗಳದಲ್ಲಿ ಕೂತಿದ್ದರು. ಹೇಗೆ ಮಾತು ಶುರು ಮಾಡುವುದೆಂದು ಬಸ್ಸಿನುದ್ದಕ್ಕೂ ಜೋಡಿಸಿಕೊಂಡಿದ್ದೆಲ್ಲ ಅವರ ಎದುರು ನಿಂತಾಗ ಮರೆತುಹೋಯಿತು. ಕೂಸನ್ನು ಅವರ ಮಡಿಲಲ್ಲಿ ಇಟ್ಟೆ. ಅವರು ಅದರ ನೆತ್ತಿ ಮುಟ್ಟಿ ನೋಡಿದರು. ಆಮೇಲೆ ಬಾಗಿಲ ಪಕ್ಕದ ಗಿಡದ ಕಡೆ ಗದ್ದ ತೋರಿಸಿದರು.

“ಆ ದಾಸವಾಳ ನೋಡು. ನಿನ್ನ ಕಷಾಯ ಕುಡ್ದು ಕುಡ್ದು ಬಾಣಂತಿ ಹಂಗೆ ದಪ್ಪ ಆಗದೆ.”

ಎಲ್ಲ ಗೊತ್ತಿತ್ತು ಅವರಿಗೆ. ಕ್ಯಾನಿನ ನೀರು ಯಾಕೆ ಬರುತ್ತಿತ್ತು ಎಂಬುದೂ. ನಾನು ಅಳತೊಡಗಿದೆ. ಅಳೂದಾದ್ರೆ ಕೂಸಿಗೆ ಹಾಲು ಕೊಟ್ಟು ಅಳು, ಹಾಲು ಹುಳಿ ಆತದೆ ಎಂದರು. ನೀವು ಯಾಕೆ ಕದ್ದು ತೆಗೆಯುತ್ತಿದ್ದಿರಿ, ಜಗಳ ಮಾಡಿಯಾದರೂ ಹೇಳಬಾರದಿತ್ತೇ ಎಂದು ಕೇಳಿದೆ. ಹೇಳಿದೆನಲ್ಲ, ನೀನು ನಗಾಡಿದೆ, ಎಂದರು. ಬರೆಯುವ ತಾಯಿ ಅಂದಿರಿ, ಕೆಂಡದ ವಿಷ ಅಂದಿದ್ದರೆ ನನಗೆ ತಿಳಿಯುತ್ತಿತ್ತು ಎಂದೆ. ಅವರ ಅತ್ತೆ ಅವರಿಗೆ ಹಾಗೆ ಹೇಳಿಕೊಟ್ಟದ್ದಂತೆ. ಮುಚ್ಚಿದ ಮನೆಯಲ್ಲಿ ಬಾಣಂತಿ ಮಲಗಿದಲ್ಲೇ ತೀರಿಹೋದದ್ದನ್ನು ಆ ಅತ್ತೆ ಕಂಡಿದ್ದರಂತೆ. ಯಾಕೆ ಎಂದು ಯಾರಿಗೂ ಗೊತ್ತಿರಲಿಲ್ಲ. ದಾರಿ ಬಿಡಬೇಕು ಎಂಬುದಷ್ಟೇ ಗೊತ್ತಿತ್ತು.

ನಾಗೇಶಣ್ಣ ಗೋಡೆ ಅಳೆದದ್ದು ಪ್ರವಾಸಿಗಳಿಗೆ ಬಾಡಿಗೆಗೆ ಕೊಡುವ ಯೋಚನೆಯಿಂದಲೇ. ಅದನ್ನು ಅವನೇ ಆಮೇಲೆ ಒಪ್ಪಿಕೊಂಡ, ತಲೆ ತಗ್ಗಿಸಿ. ನನ್ನ ಅನುಮಾನ ಪೂರ್ತಿ ಸುಳ್ಳಾಗಿರಲಿಲ್ಲ ಎಂಬುದೇ ನನ್ನನ್ನು ಇನ್ನೂ ಕಾಡುತ್ತದೆ. ನಾವು ಹೋಗಲಿ ಎಂದು ಬಯಸಿದವನೇ ಗಾಜಿನ ಚೂರಿನ ಮೇಲೆ ಹೊಟ್ಟೆ ಎಳೆದುಕೊಂಡು ನಮ್ಮನ್ನು ತೆಗೆದ. ಎರಡೂ ಅವನೇ. ಒಂದು ಮಾತ್ರ ನೋಡಲು ಕಲಿತವಳು ನಾನು.

ಉಳಿದ ಚಳಿಗಾಲವನ್ನು ನಾವು ಅಲ್ಲೇ ಕಳೆದೆವು. ಅಮ್ಮ ಹೊನ್ನಾವರಕ್ಕೆ ಬಾ ಎಂದರೂ ಹೋಗಲಿಲ್ಲ. ಕಂಡಿಯಿಂದ ಗಾಳಿ ಬರುತ್ತಿತ್ತು, ಚಿಪ್ಪಿ ಹೆಕ್ಕುವವರ ಮಾತೂ ಬರುತ್ತಿತ್ತು. ಕೂಸನ್ನು ನಮ್ಮಿಬ್ಬರ ನಡುವೆ ಹಾಕಿಕೊಂಡು ಎರಡು ಕಂಬಳಿ ಹೊದೆಯುತ್ತಿದ್ದೆವು. ಮಾದೇವಮ್ಮ ಒಂಬತ್ತು ದಿನದ ಬಾಕಿ ಸ್ನಾನ ಮಾಡಿಸಿಯೇ ಬಿಟ್ಟರು. ಕೆಂಡವಿಲ್ಲದೆ, ಬಾಗಿಲು ತೆರೆದು. ಕಷಾಯವನ್ನು ಎದುರು ನಿಂತು ಕುಡಿಸಿದರು. ಎಲ್ಲ ಮೊದಲಿನಷ್ಟೇ ಹಿತವಾಗಿತ್ತು. ನಾನು ಮಾತ್ರ ನಿದ್ದೆ ಮಾಡಲಾರದವಳಾಗಿದ್ದೆ. ಶಿವರಾತ್ರಿ ಕಳೆದ ಮೇಲೆ ಗಣಪತಿಗೆ ಭಟ್ಕಳದಲ್ಲಿ ಕೆಲಸ ಸಿಕ್ಕಿತು, ತೆಂಗಿನಗುಂಡಿಗೆ ಹತ್ತಿರದ ಜಾಲಿಯ ಕಡೆ ಮನೆ ಮಾಡಿದೆವು. ಆ ಸಣ್ಣ ಮನೆಯಲ್ಲಿ ಈಗ ಪ್ರವಾಸಿಗಳು ಇಳಿಯುತ್ತಾರೆ. ಕಂಡಿ ಹಾಗೇ ಇದೆಯಂತೆ. ನಾಗೇಶಣ್ಣನಿಗೆ ಫೋನು ಮಾಡಿದಾಗಲೆಲ್ಲ ಕೇಳುತ್ತೇನೆ, ಅವನು ಇದೆ ಎನ್ನುತ್ತಾನೆ, ಫೋಟೋ ಕಳಿಸು ಎನ್ನುತ್ತೇನೆ.

ತೆಂಗಿನಗುಂಡಿಯ ಆ ಮನೆಯ ಮುಂದೆ ನಿಂತಾಗ ಇದೆಲ್ಲ ಒಂದು ಉಸಿರಿನಲ್ಲಿ ಹಾದುಹೋಯಿತು. ಬೇಲಿಯ ಬಾಗಿಲು ತೆಗೆದು ಒಳಗೆ ನಡೆದೆ. ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಹೊರಗೆ ಬಂದು, ಯಾರು ಬೇಕಾಗಿತ್ತು ಎಂದು ಕೇಳಿದಳು. ಕೇಳುತ್ತಲೇ ಬಾಣಂತಿ ಕೋಣೆಯ ಪರದೆ ಎಳೆದಳು. ಕೋಣೆಯಲ್ಲಿ ಕೆಂಡ ಇದೆಯಲ್ಲ, ಗಾಳಿಗೆ ಜಾಗವಿಲ್ಲ, ಅದರಿಂದ ವಿಷದ ಅನಿಲ ಬರುತ್ತದೆ ಎಂದು ನಾನು ಟೀಚರಿನ ಹಾಗೆ ಶುರು ಮಾಡಿದೆ. ನೀವು ಆಸ್ಪತ್ರೆಯಿಂದ ಬಂದವರಾ ಎಂದಳು. ಅಲ್ಲ ಎಂದೆ.

“ಮತ್ತೆ ನಮ್ಮನೆ ಕಂಡಿ ನಿಮಗೆಂತಕ್ಕೆ?”

ಅವಳ ಕಣ್ಣು ನನ್ನ ಕೈಗಳ ಮೇಲಿತ್ತು, ನಾನೇನಾದರೂ ಹಿಡಿದು ತಂದಿದ್ದೇನೋ ಎಂದು. ಆ ನೋಟದ ಗುರುತು ನನಗೆ ಚೆನ್ನಾಗಿದೆ. ಅದರ ಮುಂದೆ ಸೂತ್ರ, ಸಮೀಕರಣ ಯಾವುದೂ ನಿಲ್ಲುವುದಿಲ್ಲ.

“ಕೆಂಡ ಇಟ್ಟ ಮನಿಗೆ ಕಂಡಿ ಮುಚ್ಚೂಕಾಗ ಅಕ್ಕಾ,” ಎಂದೆ. “ಬರಿಯೂ ತಾಯಿಗೆ ದಾರಿ ಬೇಕಲ್ಲ. ಮತ್ತೆ ಬರ್ತಾಳಂತೆ, ತಿದ್ದೂಕೆ.”

ಅವಳು ಮಾಡಿನ ಕಡೆ ನೋಡಿದಳು, ಪರದೆಯ ಕಡೆ ನೋಡಿದಳು. ಮೂಲೆಯಲ್ಲಿದ್ದ ಉದ್ದ ಹಿಡಿಯ ಪೊರಕೆ ತೆಗೆದುಕೊಂಡು ಅದರ ಹಿಡಿಯಿಂದ ನೀಲಿ ಪ್ಲಾಸ್ಟಿಕನ್ನು ಕೆದರಿ ಕೆಳಗೆ ಬೀಳಿಸಿದಳು. ಆಮೇಲೆ ಬೇಲಿಯ ಬಾಗಿಲಿನವರೆಗೆ ನಮ್ಮ ಹಿಂದೆಯೇ ಬಂದು, ನಾವು ಹೊರಗೆ ಹೋದ ಮೇಲೆ ಅಗುಳಿ ಹಾಕಿಕೊಂಡಳು. ಮೀನು ತರುವುದು ಮರೆತೇಹೋಯಿತು.

ಮರುದಿನ ಬೆಳಿಗ್ಗೆ ಶಾಲೆಗೆ ಹೋಗುವ ಮೊದಲು ಮತ್ತೆ ಹೋದೆ. ಕಂಡಿ ತೆರೆದಿತ್ತು. ಅವಳು ಅಂಗಳದಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಇಂದೂ ಹೋಗಿದ್ದೆ. ತೆರೆದಿತ್ತು, ಅವಳೂ ಇದ್ದಳು, ನೋಟವೂ ಅದೇ. ನಾಳೆಯೂ ಹೋಗುತ್ತೇನೆ, ನಲವತ್ತು ದಿನ ಕಳೆಯುವವರೆಗೂ. ಅವಳಿಗೆ ನನ್ನ ಮೇಲೆ ಎಷ್ಟು ಬೇಕಾದರೂ ಅನುಮಾನವಿರಲಿ.